ಪಾಠವಾಗದ ಧರ್ಮ

ಶಾಲೆಯಲ್ಲಿ ನೈತಿಕ ಶಿಕ್ಷಣಕ್ಕೆ ಒಂದು ಪೀರಿಯಡ್ ಬೇಕು ಎಂಬ ಮಾತು ನಮ್ಮಲ್ಲಿ ಮತ್ತೆ ಮತ್ತೆ ಏಳುತ್ತದೆ. ಎದ್ದ ಕೂಡಲೇ ಯಾವ ಗ್ರಂಥ, ಯಾರ ಧರ್ಮ ಎಂಬ ಜಗಳ ಶುರುವಾಗುತ್ತದೆ. ಆ ಗದ್ದಲದಲ್ಲಿ ಅದಕ್ಕಿಂತ ಮೂಲದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಮೌಲ್ಯ ಎನ್ನುವುದು ಪೀರಿಯಡ್ಡಿನಲ್ಲಿ ಕಲಿಸಿ ಬರುವಂಥದ್ದೇ? ಈ ಪ್ರಶ್ನೆಯನ್ನು ಹಚ್ಚಿಕೊಂಡವರು ಅಮೆರಿಕದ ಆಮಿಶ್ ಕ್ರೈಸ್ತರ ಹಳ್ಳಿಶಾಲೆಗಳನ್ನು ಗಮನವಿಟ್ಟು ನೋಡಬೇಕು. ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳದ, ಉಡುವ ಬಟ್ಟೆಯನ್ನೂ ನಂಬಿಕೆಯ ಒರೆಗೆ ಹಚ್ಚುವ ಜನ ಇವರು. ಆದರೂ ಇವರ ಬಹುಪಾಲು ಶಾಲೆಗಳ ವೇಳಾಪಟ್ಟಿಯಲ್ಲಿ ಧರ್ಮ ಎಂಬ ವಿಷಯವೇ ಇಲ್ಲ. ಬೆಳಿಗ್ಗೆ ಬೈಬಲ್ಲಿನ ಒಂದು ಭಾಗ ಓದುತ್ತಾರೆ, ಕ್ರಿಸ್ತ ಕಲಿಸಿದ ಪ್ರಾರ್ಥನೆ ಹೇಳುತ್ತಾರೆ, ಹಾಡುತ್ತಾರೆ, ಆಮೇಲೆ ಲೆಕ್ಕಕ್ಕೆ ಕೂರುತ್ತಾರೆ. ಓದಿದ್ದಕ್ಕೆ ಟೀಚರು ವಿವರಣೆ ಕೊಡುವುದಿಲ್ಲ. ಅದು ಮನೆಯ ಕೆಲಸ, ಸಭೆಯ ಕೆಲಸ. ಮೌಲ್ಯ ಹೇಗೆ ಬೆಳೆಯುತ್ತದೆ ಎಂಬುದನ್ನು ಈ ಜನ ನಮಗಿಂತ ಚೆನ್ನಾಗಿ ಅರಿತಿದ್ದಾರೆ ಎಂಬುದು ನನ್ನ ವಾದ. ಅವರ ಶಾಲೆಯ ಮೇಲಿರುವ ನಿಜವಾದ ಆಕ್ಷೇಪ ಬೇರೆಯದೇ. ಅದಕ್ಕೆ ಅವರ ಧರ್ಮದ ಒಳಗಿನಿಂದಲೇ ಉತ್ತರ ಕೇಳಬೇಕಾಗುತ್ತದೆ.

ಶಾಲೆ ಅಂದರೆ ಹೆಚ್ಚಾಗಿ ಒಂದೇ ಕೋಣೆ. ಒಂದರಿಂದ ಎಂಟನೇ ತರಗತಿವರೆಗಿನ ಮೂವತ್ತರ ಆಸುಪಾಸಿನ ಮಕ್ಕಳು ಅಲ್ಲೇ ಕೂರುತ್ತಾರೆ. ಕಲಿಸುವಾಕೆ ಸಾಮಾನ್ಯವಾಗಿ ಅದೇ ಸಮುದಾಯದ ಮದುವೆಯಾಗದ ತರುಣಿ. ಆಕೆ ಓದಿರುವುದೂ ಎಂಟನೇ ತರಗತಿಯಷ್ಟೇ. ಮನೆಯಲ್ಲಿ ಜರ್ಮನ್ ಮೂಲದ ಆಡುಮಾತು, ಶಾಲೆಯಲ್ಲಿ ಇಂಗ್ಲಿಷ್. ಟೀಚರು ಒಂದು ತರಗತಿಯನ್ನು ಮುಂದೆ ಕರೆದು ಪಾಠ ಒಪ್ಪಿಸಿಕೊಳ್ಳುವಾಗ ಉಳಿದವರು ತಮ್ಮ ಪಾಡಿಗೆ ಬರೆಯುತ್ತಿರುತ್ತಾರೆ, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಚಳಿಗಾಲದಲ್ಲಿ ಮನೆಯಿಂದ ತಂದ ಬುತ್ತಿಯನ್ನು ಕೋಣೆಯ ಒಲೆಯ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಾರೆ. ಬಿಡುವಿನಲ್ಲಿ ಟೀಚರೂ ಸೇರಿ ಎಲ್ಲರೂ ಚೆಂಡಾಟಕ್ಕೆ ಇಳಿಯುತ್ತಾರೆ. ಕಟ್ಟಡ ಕಟ್ಟುವವರು, ಸಂಬಳ ಹೊಂದಿಸುವವರು, ಟೀಚರನ್ನು ಆರಿಸುವವರು ಎಲ್ಲ ಅಪ್ಪಂದಿರೇ. ವರ್ಷಾರಂಭಕ್ಕೆ ಮುಂಚೆ ಮನೆಮಂದಿಯೆಲ್ಲ ಬಂದು ಶಾಲೆ ಗುಡಿಸಿ ತೊಳೆಯುತ್ತಾರೆ. ಇಲ್ಲಿ ಆರು ವರ್ಷದ ಮಗು ದಿನವಿಡೀ ಏನನ್ನು ನೋಡುತ್ತದೆ ಎಂದು ಯೋಚಿಸಿ. ಮುಂದಿದ್ದವರು ಹಿಂದಿದ್ದವರಿಗಾಗಿ ನಿಲ್ಲುವುದನ್ನು ನೋಡುತ್ತದೆ. ನಾಳೆ ತಾನೂ ಹಾಗೆ ನಿಲ್ಲಬೇಕು ಎಂಬುದು ಯಾರೂ ಹೇಳದೆ ಅದಕ್ಕೆ ತಿಳಿಯುತ್ತದೆ. ನೆರೆಹೊರೆಯ ಹೊಣೆ ಎಂಬ ವಿಷಯದ ಮೇಲೆ ನಾವು ಬರೆಸುವ ಪ್ರಬಂಧಕ್ಕೆ ಇಷ್ಟು ಬಲವಿಲ್ಲ.

ಈ ಶಾಲೆಗಳು ಹುಟ್ಟಿದ ಬಗೆಯೂ ಇದನ್ನೇ ಹೇಳುತ್ತದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆಮಿಶ್ ಮಕ್ಕಳು ಬಹುತೇಕ ಊರಿನ ಸರ್ಕಾರಿ ಶಾಲೆಗೇ ಹೋಗುತ್ತಿದ್ದರು. ಓದಿಗೆ ಆ ಜನ ಬೆನ್ನು ತಿರುಗಿಸಿರಲಿಲ್ಲ. ಸರ್ಕಾರಗಳು ಒಂದು ಕೋಣೆಯ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ಪೇಟೆಯ ದೊಡ್ಡ ಶಾಲೆಗೆ ಸಾಗಿಸತೊಡಗಿದಾಗ ಅವರು ಸಿಡಿದೆದ್ದು ತಮ್ಮದೇ ಶಾಲೆಗಳನ್ನು ನಡೆಸತೊಡಗಿದರು. 1965ರ ನವೆಂಬರಿನಲ್ಲಿ ಅಯೋವಾ ರಾಜ್ಯದ ಹೇಜಲ್ಟನ್ ಬಳಿ ಅಧಿಕಾರಿಗಳು ಮಕ್ಕಳನ್ನು ಬಸ್ಸು ಹತ್ತಿಸಲು ಬಂದಾಗ ಮಕ್ಕಳು ಶಾಲೆಯಿಂದ ಜೋಳದ ಹೊಲಕ್ಕೆ ಓಡಿದರು. ಆ ಓಟದ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಶಾಲೆ ದೊಡ್ಡದಾದಾಗ, ದೂರವಾದಾಗ, ಕಲಿಸುವವರು ಗುರುತಿಲ್ಲದವರಾದಾಗ ಪಠ್ಯ ಅದೇ ಇದ್ದರೂ ಮಗು ಬೇರೆಯಾಗುತ್ತದೆ ಎಂದು ಆ ರೈತರಿಗೆ ತಿಳಿದಿತ್ತು. ಮಕ್ಕಳು ಕಡಿಮೆ ಎಂದು ಹಳ್ಳಿಶಾಲೆಗಳನ್ನು ವಿಲೀನ ಮಾಡಲು ಹೊರಡುವ ನಮ್ಮವರು ಖರ್ಚಿನ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಹಾಕಬೇಕು.

ಇದೆಲ್ಲ ಚಂದದ ಚಿತ್ರ, ಕಷ್ಟ ಬಂದಾಗ ಉಳಿಯುವುದೇ ಎಂದು ಕೇಳಬಹುದು. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್ ಆಮಿಶ್ ಶಾಲೆಗೆ ನುಗ್ಗಿದ ಹೊರಗಿನವನೊಬ್ಬ ಹತ್ತು ಹುಡುಗಿಯರಿಗೆ ಗುಂಡು ಹಾರಿಸಿ ತಾನೂ ಸತ್ತ. ಐವರು ಹುಡುಗಿಯರು ತೀರಿಕೊಂಡರು. ಅಂದೇ ಆಮಿಶ್ ಹಿರಿಯರು ಕೊಂದವನ ಹೆಂಡತಿಯನ್ನೂ ತಂದೆ ತಾಯಿಯನ್ನೂ ಕಂಡು, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದರು. ಅವನ ಶವಸಂಸ್ಕಾರಕ್ಕೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಮಿಶರೇ. ಆ ಶಾಲೆಯನ್ನು ಹತ್ತು ದಿನಗಳಲ್ಲಿ ನೆಲಸಮ ಮಾಡಿ, ಆರು ತಿಂಗಳೊಳಗೆ ಸ್ವಲ್ಪ ದೂರದಲ್ಲಿ ಹೊಸದನ್ನು ಕಟ್ಟಿದರು. ಇದು ಮನಸಾರೆ ಬಂದ ಕ್ಷಮೆಯಲ್ಲ, ಸಮುದಾಯ ಹೇರಿದ ಶಿಸ್ತು, ಒಳಗಿನ ನೋವನ್ನು ತುಳಿದಿಟ್ಟ ಶಿಸ್ತು ಎಂದು ಆಗಲೇ ಕೆಲವರು ಬರೆದರು. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಕ್ಷಮೆ ಒಂದು ಭಾವನೆ, ಅದು ತಾನಾಗಿ ಉಕ್ಕಿದರೆ ಮಾತ್ರ ನಿಜ ಎಂಬ ಎಣಿಕೆ ಇದರ ಹಿಂದಿದೆ. ಇತರರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಬೇಡುವ ಪ್ರಾರ್ಥನೆಯನ್ನು ಬಾಲ್ಯದಿಂದ ದಿನವೂ ಹೇಳಿದವರಿಗೆ ಕ್ಷಮೆ ಮೊದಲು ಒಂದು ನಡೆ. ಭಾವನೆ ಆಮೇಲೆ, ವರ್ಷಗಳು ಹಿಡಿದರೂ, ಅದರ ಹಿಂದೆ ಬರಬೇಕು. ಮಗಳನ್ನು ಕಳೆದುಕೊಂಡವರ ದುಃಖ ಇದರಿಂದ ಕಡಿಮೆಯಾಗಲಿಲ್ಲ. ಆದರೆ ಕೊಂದವನ ಮನೆಯವರನ್ನು ಅವರು ದ್ವೇಷಕ್ಕೆ ಗುರಿಮಾಡಲಿಲ್ಲ. ಅಂಥ ದಿನ ಏನು ಮಾಡಬೇಕು ಎಂದು ಆ ಜನ ಸಭೆ ಸೇರಿ ಚರ್ಚಿಸಬೇಕಾಗಿ ಬರಲಿಲ್ಲ ಎಂಬುದೇ ನನಗೆ ದೊಡ್ಡ ಸಾಕ್ಷ್ಯವಾಗಿ ಕಾಣುತ್ತದೆ.

ಒಂದೇ ಮತ, ಒಂದೇ ಭಾಷೆ, ಒಂದೇ ಕಸುಬಿನ ಜನರಿಗೆ ಇದೆಲ್ಲ ಸುಲಭ, ಹತ್ತು ಜಾತಿಯ ನಮ್ಮ ಊರುಗಳಿಗೆ ಇದರಿಂದ ಏನು ಪ್ರಯೋಜನ ಎಂಬುದು ಇನ್ನೊಂದು ಆಕ್ಷೇಪ. ಅರ್ಧ ಒಪ್ಪುತ್ತೇನೆ. ಆದರೆ 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯವೆಲ್ಲ ಹಬ್ಬಿದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯನ್ನು ನೋಡಿ. ಅಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುತ್ತಾರೆ, ಕಲಿಕಾ ಏಣಿಯಲ್ಲಿ ಮೇಲಿರುವವರು ಕೆಳಗಿರುವವರಿಗೆ ನೆರವಾಗುತ್ತಾರೆ. ಯಾರ ಧರ್ಮವೂ ಅದಕ್ಕೆ ಬೇಕಾಗಿಲ್ಲ. ಕೂಡಿ ಕಲಿಯುವ ರೀತಿ ಆಮಿಶರ ಸ್ವತ್ತಲ್ಲ. ನಮ್ಮಲ್ಲಿ ಇಲ್ಲದಿರುವುದು ಶಾಲೆ ನಮ್ಮದು ಎಂದು ಬಂದು ಗುಡಿಸುವ ಊರಿನವರು. ಉಳ್ಳವರ ಮಕ್ಕಳು ವ್ಯಾನು ಹತ್ತಿ ಹೋದ ಮೇಲೆ ಆ ಶಾಲೆ ಉಳಿದವರದಷ್ಟೇ ಆಗುತ್ತದೆ.

ಇನ್ನು ದೊಡ್ಡ ಆಕ್ಷೇಪ. ಎಂಟನೇ ತರಗತಿಗೆ ಓದು ನಿಲ್ಲಿಸುವ ಹಕ್ಕು ಯಾರಿಗಿದೆ? ಹದಿನಾರು ವರ್ಷದವರೆಗೆ ಮಕ್ಕಳು ಶಾಲೆಯಲ್ಲಿರಬೇಕು ಎಂಬುದು ವಿಸ್ಕಾನ್ಸಿನ್ ರಾಜ್ಯದ ಕಾನೂನಾಗಿತ್ತು. ಹದಿನಾಲ್ಕು, ಹದಿನೈದರ ಮಕ್ಕಳನ್ನು ಮುಂದೆ ಕಳಿಸದ ಮೂವರು ತಂದೆಯರಿಗೆ ತಲಾ ಐದು ಡಾಲರ್ ದಂಡ ಬಿತ್ತು. ಆ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1972ರಲ್ಲಿ ತೀರ್ಪು ತಂದೆಯರ ಪರವಾಯಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ ಭಾಗಶಃ ಭಿನ್ನಮತ ಬರೆದರು: ಮಗು ಪಿಯಾನೊ ನುಡಿಸಲು, ಗಗನಯಾತ್ರಿಯಾಗಲು, ಸಮುದ್ರ ವಿಜ್ಞಾನ ಓದಲು ಬಯಸಬಹುದು, ಹಾಗಿರುವಾಗ ಮಗುವನ್ನೇ ಕೇಳದೆ ತೀರ್ಮಾನಿಸುವುದು ಹೇಗೆ? ಮಕ್ಕಳ ಪೈಕಿ ಒಬ್ಬ ಹುಡುಗಿ ಮಾತ್ರ ಸಾಕ್ಷಿ ಹೇಳಿದ್ದಳು. ಡಗ್ಲಸ್ ಹೇಳಿದ್ದೇ ಸರಿ ಎನ್ನುತ್ತೇನೆ, ಅದೂ ಆಮಿಶರ ನಂಬಿಕೆಯ ಆಧಾರದ ಮೇಲೆಯೇ. ಅವರ ಮೂಲಪುರುಷರು 1525ರಲ್ಲಿ ಜ್ಯೂರಿಕ್‌ನಲ್ಲಿ ಚರ್ಚಿನಿಂದ ಸಿಡಿದು ಹೊರಬಂದದ್ದು ಮುಖ್ಯವಾಗಿ ಒಂದು ಮಾತಿಗಾಗಿ: ತಿಳಿವಳಿಕೆ ಬಾರದ ಕೂಸಿಗೆ ದೀಕ್ಷಾಸ್ನಾನ ಸಲ್ಲದು, ನಂಬಿಕೆಯನ್ನು ಬೆಳೆದವರು ತಾವೇ ಆರಿಸಿಕೊಳ್ಳಬೇಕು. ಆ ಮಾತಿಗಾಗಿ ಎಷ್ಟೋ ಜನರನ್ನು ನೀರಿಗೆ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದರು. ಇಂದೂ ಆಮಿಶರು ದೀಕ್ಷೆ ಪಡೆಯುವುದು ಹರೆಯ ದಾಟುವ ಹೊತ್ತಿಗೆ. ಪಡೆಯದೆ ಹೊರಟುಹೋದವರಿಗೆ ವಿಧಿಪ್ರಕಾರದ ಬಹಿಷ್ಕಾರವಿಲ್ಲ. ಶೇ. 85ಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ ಎಂಬುದು ಅಧ್ಯಯನಕಾರರ ಅಂದಾಜು. ಶಾಲೆಯ ಗೆಲುವಿಗೆ ಇದು ಸಾಕ್ಷಿ ಎನ್ನುವವರಿದ್ದಾರೆ. ಹೊರಗೆ ಬದುಕಲು ಬೇಕಾದ ಓದು ಇಲ್ಲದವರು ಉಳಿದದ್ದರಲ್ಲಿ ಎಷ್ಟು ಆಯ್ಕೆ, ಎಷ್ಟು ಅನಿವಾರ್ಯ ಎಂದು ಆ ಅಂಕಿಯಿಂದ ತಿಳಿಯುವುದಿಲ್ಲ. ಅಲ್ಲಿನ ಹಿರಿಯರನ್ನು ಶಾಲೆ ದೊಡ್ಡದು ಮಾಡಿ ಎಂದಾಗಲಿ, ಮಕ್ಕಳನ್ನು ಪೇಟೆಗೆ ಕಳಿಸಿ ಎಂದಾಗಲಿ ಕೇಳಬೇಕಿಲ್ಲ. ಮುಂದೆ ಓದುತ್ತೇನೆ ಎನ್ನುವ ಹುಡುಗಿಗೆ ಹೊಲಮನೆಯ ಕೆಲಸದ ಜೊತೆಗೇ, ಮನೆಯಲ್ಲೇ ಕೂತು, ಪ್ರೌಢಶಾಲೆಗೆ ಸಮಾನವಾದ ಪರೀಕ್ಷೆ ಕಟ್ಟಲು ಬಿಟ್ಟರೆ ಸಾಕು. ಕೆಲವು ಆಮಿಶ್ ತರುಣ ತರುಣಿಯರು ಆ ಪರೀಕ್ಷೆ ಕಟ್ಟಿ ಮುಗಿಸಿಯೂ ಇದ್ದಾರೆ.