ಹೊಂದಿಕೊಳ್ಳಬೇಕಾದವರು ಯಾರು?

ಮೈಸೂರಿನ ಒಂದು ಹಾಸ್ಟೆಲ್. ತಂಗಿ ಸಿಂಧನೂರು ಕಡೆಯವಳು, ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಈಗಷ್ಟೇ ಸೇರಿದ್ದಾಳೆ. ಅಕ್ಕ ಹುಣಸೂರಿನವಳು, ಅದೇ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ.

ತಂಗಿ: ನಂಗ ಇಲ್ಲಿ ಮನಸ್ಸು ಹತ್ತವಲ್ದು ಅಕ್ಕಾರ. ಊರಿಗೆ ಹೋಗಿಬಿಡ್ಲೇನು ಅನಸ್ತದ.

ಅಕ್ಕ: ಮುದ್ದೆ ಸೇರ್ತಿಲ್ವಾ?

ತಂಗಿ: ಮುದ್ದಿ ನುಂಗೋದು ಕಲಿತೀನ್ರಿ. ರೊಟ್ಟಿ ಇಲ್ಲ ಅಂತ ಯಾರರ ಓದು ಬಿಡ್ತಾರೇನು? ಕ್ಲಾಸಿನಾಗ ಬಾಯಿಂದ ಮಾತು ಹೊಂಡವಲ್ದು. ನೀರು ನಿಂತ ಗದ್ದಿಯೊಳಗ ನೆಲ್ಲಿನ ಬೇರು ಹ್ಯಾಂಗ ಉಸಿರಾಡ್ತಾವ ಅಂತ ಸರ್ ಇಂಗ್ಲಿಷಿನಾಗ ಕೇಳಿದ್ರು. ನಂಗ ಗೊತ್ತಿತ್ತು. ಸುಮ್ನ ಕುಂತೆ. ಕನ್ನಡದಾಗ ಹೇಳಿದ್ರ ನನ್ನ ಧಾಟಿ ಕೇಳಿ ನಗ್ತಾರ.

ಅಕ್ಕ: ಸ್ವಲ್ಪ ದಿನ ತಡ್ಕೊಳಮ್ಮ. ನಾಟಿ ಮಾಡಿದ ಪೈರು ಮೊದಲು ಬಾಡಿ ಹಳದಿ ಆಗುತ್ತೆ. ಆಮೇಲೆ ಹೊಸ ಬೇರು ಬಿಟ್ಟು ಚಿಗುರುತ್ತೆ. ನೀನೂ ಹೊಂದ್ಕೋತೀಯ.

ತಂಗಿ: ತುಂಗಭದ್ರಾ ಎಡದಂಡಿ ಕಾಲುವಿ ನೀರಿನಾಗ ಬೆಳದಾಕಿ ನಾನು. ನೆಲ್ಲು ಹಚ್ಚೋ ಕೂಲಿಗೂ ಹೋಗೀನಿ. ನೀವು ಸಸಿ ಕಥಿ ಅಷ್ಟ ಹೇಳಿದ್ರಿ. ಹಚ್ಚೋಕಿಂತ ಮೊದ್ಲ ಗದ್ದಿ ಕೆಸರು ಮಾಡ್ತಾರ, ನೆಲ ಸಮ ಮಾಡ್ತಾರ, ಸಸಿ ಮುಳುಗದಂಗ ತೆಳ್ಳಗ ನೀರು ನಿಲ್ಲಸ್ತಾರ. ಒಣ ನೆಲದಾಗ ಚುಚ್ಚಿ ‘ಹೊಂದ್ಕೋ’ ಅಂದ್ರ ಸಸಿ ಏನ್ ಮಾಡಬೇಕ್ರಿ? ನನಗ ಯಾರು ಗದ್ದಿ ಹದ ಮಾಡ್ಯಾರ?

(ಅಕ್ಕ ತಕ್ಷಣ ಉತ್ತರ ಕೊಡಲಿಲ್ಲ. ಕೊಡದಿದ್ದುದೇ ಸರಿ ಎನಿಸುತ್ತದೆ ನನಗೆ. ಹೊಸಬರಿಗೆ ನಾವು ಹೇಳುವ ಸಮಾಧಾನದಲ್ಲಿ ಎಷ್ಟೋ ಸಲ ನಮ್ಮ ಕೆಲಸವನ್ನು ಅವರ ತಲೆಗೆ ಕಟ್ಟುವುದೇ ಇರುತ್ತದೆ.)

ಅಕ್ಕ: ಗದ್ದೆ ಹದ ಮಾಡೋದು ಅಂದ್ಯಲ್ಲ, ಈ ಊರಲ್ಲಿ ಹಿಂದೆ ವಾರಾನ್ನ ಅಂತ ಇತ್ತು. 1916ರಲ್ಲಿ ವಿಶ್ವವಿದ್ಯಾಲಯ ಶುರುವಾದ ಕಾಲಕ್ಕೆ ಎಷ್ಟೋ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಉಂಡು ಓದ್ತಿದ್ದರು.

ತಂಗಿ: ಎಲ್ಲಾ ಜಾತಿಯವರಿಗೂ ಹಾಕ್ತಿದ್ರೇನ್ರಿ?

ಅಕ್ಕ: ಇಲ್ಲ. ಹೆಚ್ಚಾಗಿ ತಮ್ಮ ತಮ್ಮ ಜಾತಿಯ ಹುಡುಗರಿಗೇ. ನಮ್ಮಂಥ ಹುಡುಗೀರ ಮಾತಂತೂ ಇರಲೇ ಇಲ್ಲ. ಆ ಬಾಗಿಲು ಹಾಕಿದ್ದಕ್ಕೇ ಎಲ್ಲರಿಗೂ ಹಾಸ್ಟೆಲ್ ಬೇಕು ಅಂತ ಜನ ಕೇಳಿದ್ದು, ಕಟ್ಟಿಸಿದ್ದು. ನಾವಿಬ್ಬರೂ ಈಗ ಒಂದೇ ಸಾಲಲ್ಲಿ ಕೂತು ಉಣ್ತಿರೋದು ಅದರಿಂದಲೇ.

ತಂಗಿ: ಅಂದ್ರ ಹಸಿವಿಗೆ ಜಾಗ ಮಾಡ್ಯಾರ. ಮಾತಿಗೆ ಇನ್ನೂ ಮಾಡಿಲ್ಲ.

ಅಕ್ಕ: ಇಲ್ಲ, ಮಾಡಿಲ್ಲ. ಅದು ನಿನಗೆ ಕಂಡಿತು, ನನಗೆ ಕಾಣೋದು ಯಾವಾಗಲೋ ನಿಂತುಹೋಗಿದೆ. ಒಗ್ಗಿಹೋಗಿದ್ದೀನಲ್ಲ.

ತಂಗಿ: ಹಂಗಾರ ಒಗ್ಗಿದ ಮ್ಯಾಲ ನಂಗೂ ಕಾಣಂಗಿಲ್ಲೇನು?

ಅಕ್ಕ: ಆ ಭಯ ಇದ್ದೇ ಇದೆ. ಅದಕ್ಕೇ ಒಗ್ಗೋಕೆ ಮುಂಚೆ ಕೇಳಿಬಿಡು. ಎಲ್ಲಿ, ಬೇರು ಹೇಗೆ ಉಸಿರಾಡುತ್ತೆ ಹೇಳು.

ತಂಗಿ: ಎಲಿಯಿಂದ ಬೇರಿನ ತನಕ ಒಳಗ ಗಾಳಿ ಹಾದಿ ಇರ್ತಾವ್ರಿ. ದಂಟು ಅಡ್ಡ ಕೊಯ್ದ್ರ ಸಣ್ಣ ಸಣ್ಣ ಪೊಳ್ಳು ಕಾಣ್ತಾವ. ಮ್ಯಾಲಿನ ಗಾಳಿ ಅದರಾಗ ಹಾದು ಕೆಳಗ ಇಳೀತದ. ಪುಸ್ತಕದಾಗ ಏರೆಂಕೈಮ ಅಂದಾರ.

ಅಕ್ಕ: ನಾಳೆ ಸರ್ ಹತ್ರ ಇದನ್ನ ಹೀಗೇ ಹೇಳು. ಕನ್ನಡದಲ್ಲೂ ಉತ್ತರ ಹೇಳಬಹುದಾ ಅಂತ ಕೇಳು. ನಾನೂ ಬಂದು ಹಿಂದೆ ಕೂತ್ಕೋತೀನಿ.

ತಂಗಿ: ಬರ್ರಿ ಅಕ್ಕಾರ. ಆದ್ರ ನನ್ನ ಪರವಾಗಿ ನೀವು ಮಾತಾಡಬ್ಯಾಡ್ರಿ.