ಗಾಳ, ಗಜನಿ ಮತ್ತು ಕುರುಡಿ ಮೀನಿನ ಪಾಪಪುಣ್ಯ

ಮೀನು ಹಿಡಿದು ತಿನ್ನುವುದು ಪಾಪವೇ ಎಂಬ ಪ್ರಶ್ನೆಗೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮನೆಗೊಂದು ಉತ್ತರವಿದೆ. ಹವ್ಯಕರ ಅಡುಗೆಮನೆಗೆ ಮೀನಿಗೆ ಪ್ರವೇಶವಿಲ್ಲ. ಗೌಡ ಸಾರಸ್ವತರ ಎಷ್ಟೋ ಮನೆಗಳಲ್ಲಿ ಸೋಮವಾರ ಮೀನಿಲ್ಲ, ಮಂಗಳವಾರ ಉಂಟು. ಶ್ರಾವಣ ಬಂತೆಂದರೆ ಅದೂ ಇಲ್ಲ. ಭಟ್ಕಳದ ನವಾಯತ ಮುಸ್ಲಿಮರಿಗೆ ನೀರಿನ ಬೇಟೆ ವರ್ಷವಿಡೀ ಹಲಾಲ್. ಕ್ರೈಸ್ತರಿಗೆ ಮಾಂಸ ಬಿಡಬೇಕಾದ ತಪಸ್ಸುಕಾಲದ ಶುಕ್ರವಾರವೂ ಮೀನಿಗೆ ಅಡ್ಡಿಯಿಲ್ಲ. ಖಾರ್ವಿ, ಹರಿಕಂತ್ರ, ಮೊಗೇರ, ಅಂಬಿಗ, ದಾಲ್ದಿ ಸಮುದಾಯಗಳಿಗೆ ಹಿಡಿಯುವುದೇ ಕಸುಬು. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಹೊಸ ಹಂಗಾಮು ಹಿಡಿಯುವ ಹಿಂದೂ ಮೀನುಗಾರನ ಮಟ್ಟಿಗೆ ಇದು ಪಾಪದ ಪ್ರಶ್ನೆಗಿಂತ ಹೆಚ್ಚಾಗಿ ನೀರಿನ ಋಣದ ಪ್ರಶ್ನೆ.

ಈ ಚರ್ಚೆಗೆ ತಕ್ಕ ಮೀನೆಂದರೆ ಕುರುಡಿ. ಕೆಲವರ ಬಾಯಲ್ಲಿ ಕುರುಡೆ, ಹೋಟೆಲಿನ ಪಟ್ಟಿಯಲ್ಲಿ ಸೀಬಾಸ್, ಆಸ್ಟ್ರೇಲಿಯದಲ್ಲಿ ಬಾರಾಮುಂಡಿ. ಅಮೆರಿಕದ ಕೆರೆಗಳಲ್ಲಿ ಗಾಳದವರು ಬೆನ್ನು ಹತ್ತುವ ಸಿಹಿನೀರಿನ ಬಾಸ್‌ಗೂ ಇದಕ್ಕೂ ಹತ್ತಿರದ ನಂಟಿಲ್ಲ, ಆದರೆ ನಡವಳಿಕೆಯಲ್ಲಿ ಎರಡೂ ಒಂದೇ ಜಾತಿ: ಮರೆಯಲ್ಲಿ ಹೊಂಚು ಹಾಕುವುದು, ಬೇಟೆಯನ್ನು ನೀರಿನ ಸಮೇತ ಬಾಯೊಳಗೆ ಎಳೆದುಕೊಳ್ಳುವುದು, ಗಾಳ ನಾಟಿದರೆ ಮೇಲಕ್ಕೆ ಹಾರಿ ತಲೆ ಕೊಡವುವುದು. ಕುರುಡಿ ಮಳೆಗಾಲದ ಆಸುಪಾಸಿನಲ್ಲಿ ಅಳಿವೆಯ ಉಪ್ಪುನೀರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಉಬ್ಬರದ ಜೊತೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳಿಗೆ, ಇನ್ನೂ ಮೇಲೆ ಹೊಳೆಯ ಸಿಹಿನೀರಿಗೂ ಏರಿ ಅಲ್ಲಿ ಬೆಳೆಯುತ್ತವೆ. ಈ ಮೀನಿನ ಇನ್ನೊಂದು ವಿಶೇಷ ಧರ್ಮಶಾಸ್ತ್ರದ ಚರ್ಚೆಗೂ ಬೇಕಾಗುವಂಥದ್ದು. ಅದು ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ಹಾಗಾಗಿ ಭಾರೀ ಗಾತ್ರದ ಕುರುಡಿ ಬಹುಪಾಲು ಹೆಣ್ಣೇ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಹೊರುತ್ತದೆ, ಮೈ ಬೆಳೆದಷ್ಟೂ ಮೊಟ್ಟೆ ಹೆಚ್ಚು.

ಬೀಸುಬಲೆ, ಕಂಟಲೆ ಬಲೆಗಳಿಗೂ ಕುರುಡಿ ಬೀಳುತ್ತದೆ. ಗಾಳಕ್ಕೆ ಹಿಡಿಯುವವರು ಉಬ್ಬರ ತಿರುಗುವ ಹೊತ್ತು ನೋಡಿ, ಜೀವಂತ ಶೆಟ್ಲಿ ಅಂದರೆ ಸಿಗಡಿಯನ್ನೋ ಸಣ್ಣ ಮೀನನ್ನೋ ಕೊಕ್ಕೆಗೆ ಚುಚ್ಚಿ, ಸೇತುವೆಯ ಕಂಬ ಅಥವಾ ಬಂಡೆಯ ನೆರಳಿಗೆ ಬಿಡುತ್ತಾರೆ. ಎಳೆದು ತರುವಾಗ ದಾರ ಕಿವಿರಿನ ಮುಚ್ಚಳಕ್ಕೆ ತಾಗದಂತೆ ನೋಡಿಕೊಳ್ಳಬೇಕು; ಅದರ ಅಂಚು ಬ್ಲೇಡಿನಷ್ಟು ಹರಿತ, ಬಿಗಿಯಾದ ದಾರವನ್ನು ಕತ್ತರಿಸಿಬಿಡುತ್ತದೆ.

ಗಾಳದ ಸುತ್ತ ನಂಬಿಕೆಗಳಿಗೇನೂ ಬರವಿಲ್ಲ. ಹೊರಟವನನ್ನು ‘ಎಲ್ಲಿಗೆ’ ಎಂದು ಕೇಳಿದರೆ ಬರಿಗೈ, ಎರೆಗೆ ಉಗುಳಿದರೆ ಮೀನು ಬೇಗ ಕಚ್ಚುತ್ತದೆ ಎಂಬವು ನಿರುಪದ್ರವಿ. ದಡದಲ್ಲಿ ಮಾತಾಡಿದರೆ ಮೀನು ಓಡುತ್ತದೆ ಎಂಬುದು ಅರೆಸತ್ಯ: ಗಾಳಿಯಲ್ಲಿನ ಸದ್ದು ನೀರಿನ ಮೈಗೆ ಬಡಿದು ಬಹುಪಾಲು ಹಿಂದಿರುಗುತ್ತದೆ, ಆದರೆ ಹೆಜ್ಜೆಯ ಅದುರು, ದೋಣಿಯ ಹಲಗೆಗೆ ಬಡಿದ ಸದ್ದು ನೇರ ಮೀನಿಗೆ ಮುಟ್ಟುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಲೆಕ್ಕದಲ್ಲಿ ಮೂಢನಂಬಿಕೆ ಕಡಿಮೆ, ಅನುಭವ ಹೆಚ್ಚು; ಆ ದಿನಗಳಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡದು, ನೀರಿನ ಸೆಳೆತದ ಜೊತೆ ಸಣ್ಣ ಮೀನು ಅಲೆಯುತ್ತದೆ, ಅದರ ಹಿಂದೆ ಕುರುಡಿ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಭಯಕ್ಕೆ ಹಿನ್ನೆಲೆ ಆಯುರ್ವೇದದ ವಿರುದ್ಧಾಹಾರದ ಪಟ್ಟಿ; ಇಂದಿನ ವೈದ್ಯಶಾಸ್ತ್ರ ತೊನ್ನನ್ನು ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬಣ್ಣದ ಜೀವಕೋಶಗಳ ಮೇಲೆ ತಿರುಗಿಬಿದ್ದ ಕಾಯಿಲೆ ಎಂದು ಗುರುತಿಸುತ್ತದೆ, ಅದಕ್ಕೂ ಮೀನಿಗೂ ಸಂಬಂಧವಿಲ್ಲ.

ಧರ್ಮದ ಪ್ರಶ್ನೆಯನ್ನು ನೇರ ಮುಟ್ಟುವ ನಂಬಿಕೆಗಳು ಎರಡು. ಮೊದಲನೆಯದು, ಮೀನಿಗೆ ನೋವಿಲ್ಲ, ತಣ್ಣನೆಯ ರಕ್ತ, ಕೂಗುವುದೂ ಇಲ್ಲ ಎಂಬುದು. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ ನೋವು ಗ್ರಹಿಸುವ ನರತುದಿಗಳನ್ನು ತೋರಿಸಿದರು. ತುಟಿಗೆ ಹುಳಿರಸ ಚುಚ್ಚಿದ ಮೀನು ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿತು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಇದು ಮನುಷ್ಯ ಅನುಭವಿಸುವಂಥ ನೋವೇ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಆದರೆ ‘ಏನೂ ಆಗುವುದಿಲ್ಲ’ ಎಂದು ಹೇಳುವ ಧೈರ್ಯಕ್ಕೆ ಈಗ ಆಧಾರವಿಲ್ಲ. ಎರಡನೆಯ ನಂಬಿಕೆ ಇನ್ನೂ ಜಾಣತನದ್ದು: ಬಲೆ ಹಿಂಸೆ, ಗಾಳ ಹಾಗಲ್ಲ; ಮೀನು ತಾನಾಗಿ ಬಂದು ಕಚ್ಚಿತು, ಅದರ ಕರ್ಮ. ಭಾಗವತದಲ್ಲಿ ಅವಧೂತನು ತನ್ನ 24 ಗುರುಗಳಲ್ಲಿ ಮೀನನ್ನೂ ಎಣಿಸುತ್ತಾನೆ. ನಾಲಿಗೆಯ ಚಪಲದಿಂದ ಗಾಳಕ್ಕೆ ಸಿಕ್ಕಿ ಸಾಯುವುದೇ ಅದು ಕಲಿಸುವ ಪಾಠ. ಆ ಪಾಠ ತಿನ್ನುವವನಿಗೆ ಹೇಳಿದ್ದು, ಗಾಳ ಹಿಡಿದವನ ಪರ ವಕಾಲತ್ತು ಹಾಕಲು ಹೇಳಿದ್ದಲ್ಲ. ಎರೆಯೊಳಗೆ ಕೊಕ್ಕೆ ಅಡಗಿಸಿ, ಕಚ್ಚಿದ್ದು ನಿನ್ನ ತಪ್ಪು ಎನ್ನುವುದು ಮೋಸ ಮಾಡಿದವನ ಮಾತು. ಕೊಕ್ಕೆಯಲ್ಲಿ ಒದ್ದಾಡುವ ಶೆಟ್ಲಿಯಂತೂ ಯಾವ ಚಪಲವನ್ನೂ ತೋರಿರಲಿಲ್ಲ.

ವೈದಿಕ ಪರಂಪರೆಯ ಗ್ರಂಥಗಳು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯ ಮೀನು ತಿನ್ನುವವನು ಎಲ್ಲ ಮಾಂಸ ತಿಂದವನಿಗೆ ಸಮ ಎಂದು ಹೇಳಿ, ಅದರ ಬೆನ್ನಿಗೇ ಪಾಠೀನ, ರೋಹಿತ ಮೊದಲಾದವನ್ನು, ಹುರುಪೆಯುಳ್ಳ ಮೀನುಗಳನ್ನು ಒಪ್ಪುತ್ತದೆ. ಅದೇ ಅಧ್ಯಾಯ ಮುಂದೆ ಕೊಲೆಗಾರರ ಪಟ್ಟಿ ಕೊಡುತ್ತದೆ: ಒಪ್ಪಿದವನು, ಕೊಂದವನು, ಕಡಿದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು. ಕುಮಟಾದ ಮೀನುಪೇಟೆಗೆ ಈ ಪಟ್ಟಿ ಹಿಡಿದುಕೊಂಡು ಹೋದರೆ ಹೊರಗೆ ಉಳಿಯುವವರು ಕಡಿಮೆ. ನಾನು ಹಿಡಿದದ್ದಲ್ಲ, ದುಡ್ಡು ಕೊಟ್ಟು ತಂದದ್ದು ಎಂಬ ಸಮಾಧಾನ ಅಲ್ಲಿ ನಿಲ್ಲುವುದಿಲ್ಲ. ಸಾರಸ್ವತರು ತಮ್ಮ ಪರವಾಗಿ ಮಹಾಭಾರತದ ಶಲ್ಯಪರ್ವವನ್ನು ತೋರಿಸಬಲ್ಲರು. 12 ವರ್ಷದ ಬರದಲ್ಲಿ ಋಷಿಗಳೆಲ್ಲ ಅನ್ನ ಹುಡುಕಿ ದಿಕ್ಕಾಪಾಲಾದಾಗ, ಸರಸ್ವತಿ ನದಿ ತನ್ನ ಮಗ ಸಾರಸ್ವತನಿಗೆ ಮೀನು ಕೊಟ್ಟು ಉಳಿಸಿಕೊಂಡಳು. ಮರೆತುಹೋದ ವೇದವನ್ನು ಉಳಿದವರು ಬಳಿಕ ಕಲಿತದ್ದು ಮೀನು ತಿಂದ ಅವನಿಂದಲೇ. ಕಥೆ ಆಪತ್ತಿನದು. ಹಸಿವಿಗೆ ಸಿಕ್ಕ ಪರವಾನಗಿ ಹಬ್ಬದ ಮರುದಿನದ ರವಾ ಫ್ರೈಗೂ ಸಲ್ಲುತ್ತದೆಯೇ ಎಂದು ಅದು ಹೇಳುವುದಿಲ್ಲ.

ಭಟ್ಕಳದ ನವಾಯತರು ಅನುಸರಿಸುವುದು ಶಾಫಿ ಪಂಥ. ಕುರ್‌ಆನಿನ 5ನೆಯ ಅಧ್ಯಾಯ ಹಜ್ ಯಾತ್ರಿಕನಿಗೆ ನೆಲದ ಬೇಟೆಯನ್ನು ನಿಷೇಧಿಸಿ ನೀರಿನ ಬೇಟೆಯನ್ನು ಬಿಟ್ಟುಕೊಟ್ಟಿದೆ. ಮೀನಿಗೆ ಕುತ್ತಿಗೆ ಕೊಯ್ಯುವ ವಿಧಿಯೂ ಇಲ್ಲ. ಸತ್ತು ತೇಲಿಬಂದ ಮೀನು ಹನಫಿಗಳಿಗೆ ಸಲ್ಲದು, ಶಾಫಿಗಳಿಗೆ ಸಲ್ಲುತ್ತದೆ. ಇಷ್ಟು ಸಡಿಲವಾದ ಕಾನೂನಿನ ಪಕ್ಕದಲ್ಲೇ 7ನೆಯ ಅಧ್ಯಾಯದ ಕಡಲತೀರದ ಊರಿನ ಪ್ರಸಂಗವಿದೆ. ಅಲ್ಲಿಯವರಿಗೆ ಸಬ್ಬತ್ ದಿನ ಮೀನು ಹಿಡಿಯುವಂತಿಲ್ಲ, ಮೀನು ಮೇಲೆದ್ದು ಬರುವುದೂ ಸರಿಯಾಗಿ ಅದೇ ದಿನ. ಅವರು ಆಜ್ಞೆ ಮೀರಿ ಶಿಕ್ಷೆಗೆ ಗುರಿಯಾದರು. ವ್ಯಾಖ್ಯಾನಕಾರರು ವಿವರಿಸುವಂತೆ, ಮುಂಚೆಯೇ ಬಲೆ ಒಡ್ಡಿಟ್ಟು ಮರುದಿನ ಎತ್ತಿಕೊಳ್ಳುವುದು ಅವರ ಉಪಾಯ. ದಿನ ನೋಡಿ ಬಿಡುವ ವ್ರತಗಳೆಲ್ಲಕ್ಕೂ ಈ ಅಪಾಯ ಇದ್ದದ್ದೇ. ಭಾನುವಾರ ಸಂಜೆ ಕೊಂಡು ಫ್ರಿಜ್ಜಿನಲ್ಲಿಟ್ಟ ಮೀನಿಗೆ ಸೋಮವಾರದ ಉಪವಾಸದಿಂದ ಆಗುವ ಉಪಕಾರ ಏನು? ಕ್ಷೇತ್ರ ನೋಡಿ ಬಿಡುವ ವ್ರತ ಇದಕ್ಕಿಂತ ಮೇಲು. ಶೃಂಗೇರಿಯ ತುಂಗೆಯಲ್ಲೂ ಶಿಶಿಲದ ಕಪಿಲೆಯಲ್ಲೂ ದೇವರ ಮೀನುಗಳು ನಿಜಕ್ಕೂ ಬದುಕಿ ಬೆಳೆಯುತ್ತವೆ. ಆದರೂ 1996ರಲ್ಲಿ ಶಿಶಿಲದ ನೀರಿಗೆ ವಿಷ ಬಿದ್ದು ಮೀನುಗಳ ರಾಶಿಯೇ ಸತ್ತಿತು.

ಜೈನರು ಈ ಪ್ರಶ್ನೆಯನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಬಿಡಿಸಿದರು, ಮತ್ತು ಈ ಸೀಮೆ ಒಂದು ಕಾಲಕ್ಕೆ ಅವರದ್ದೇ. ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿ, ಭಟ್ಕಳದ ಜಟ್ಟಪ್ಪ ನಾಯಕನ ಬಸದಿ, ಕರಿಮೆಣಸಿನ ರಾಣಿ ಎನಿಸಿಕೊಂಡ ಗೇರುಸೊಪ್ಪೆಯ ಜೈನ ಅರಸಿ ಚೆನ್ನಭೈರಾದೇವಿ ಅದರ ಗುರುತುಗಳು. ಜೈನರಿಗೆ ಹಿಂಸೆಯ ಬೇರು ಸಂಕಲ್ಪದಲ್ಲಿದೆ. ಅವರು ಹೇಳುವ ತಂದುಲ ಮತ್ಸ್ಯ ಅಕ್ಕಿಕಾಳಿನಷ್ಟು ಸಣ್ಣದು. ಮಹಾಮತ್ಸ್ಯದ ಮೈಮೇಲೆ ಕೂತು, ಅದರ ತೆರೆದ ಬಾಯಿಂದ ನುಸುಳಿಹೋಗುವ ಮೀನುಗಳನ್ನು ನೋಡಿ, ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ ಎಂದು ಹಲ್ಲು ಕಡಿಯುತ್ತದೆ; ಏನನ್ನೂ ಕೊಲ್ಲದೆ ಏಳನೆಯ ನರಕಕ್ಕೆ ಬೀಳುತ್ತದೆ. ಜೈನ ಮುನಿ ಸೋಮದೇವಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕ ಕಾವ್ಯದಲ್ಲಿ ಇದನ್ನೇ ಸೂತ್ರವಾಗಿ ಇಳಿಸಿದ: ಬೆಸ್ತ ಕೊಲ್ಲದ ಹೊತ್ತಿನಲ್ಲೂ ಪಾಪಿ, ಒಕ್ಕಲಿಗ ಕೊಂದರೂ ಪಾಪಿಯಲ್ಲ, ಏಕೆಂದರೆ ಇಬ್ಬರ ಉದ್ದೇಶ ಬೇರೆ. ಮಹಾಭಾರತದ ವನಪರ್ವದಲ್ಲಿ ಬರುವ, ಮಾಂಸ ಮಾರುವ ಧರ್ಮವ್ಯಾಧ ಇದನ್ನು ಒಪ್ಪುತ್ತಿರಲಿಲ್ಲ. ನೇಗಿಲ ಮೊನೆಗೆ ಸಿಕ್ಕಿ ಸಾಯುವ ಜೀವಗಳನ್ನು ತೋರಿಸಿ, ಕೊಲ್ಲದೆ ಬದುಕುವವನು ಯಾರು ಎಂದು ಕೇಳಿದವನು ಅವನು.

ಇಬ್ಬರ ವಾದವೂ ಅಘನಾಶಿನಿಯ ಗಜನಿಯಲ್ಲಿ ಸಿಕ್ಕಿಬೀಳುತ್ತದೆ. ಮಾಣಿಕಟ್ಟಾದಂಥ ಊರುಗಳ ಗಜನಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಉಪ್ಪನ್ನು ತಾಳುವ, ನೆರೆಯಲ್ಲಿ ಮುಳುಗಿದರೂ ಸಾಯದ ತಳಿ ಅದು. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಡುತ್ತಾರೆ, ಭತ್ತದ ಕೂಳೆ ಕೊಳೆತು ಶೆಟ್ಲಿಗೂ ಮೀನಿನ ಮರಿಗೂ ಮೇವಾಗುತ್ತದೆ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ. ಒಬ್ಬನೇ ಮನುಷ್ಯ ಒಂದೇ ಗದ್ದೆಯಲ್ಲಿ ಆಷಾಢಕ್ಕೆ ಒಕ್ಕಲಿಗ, ಮಾಘಕ್ಕೆ ಬೆಸ್ತ. ಸೋಮದೇವನ ಪ್ರಕಾರ ಅವನ ಪಾಪ ಋತುಮಾನದ್ದು! ಗದ್ದೆಗೂ ಮೀನಿಗೂ ಒಂದೇ ನೀರು ಬೇಕಾದಲ್ಲಿ ಉದ್ದೇಶವನ್ನು ಕಸುಬಿನ ಹೆಸರಿನಿಂದ ಅಳೆಯಲಾಗದು. ಇನ್ನು ಯಾರ ಉದ್ದೇಶವೂ ಇಲ್ಲದ ಹಿಂಸೆಯ ಲೆಕ್ಕ ಎಲ್ಲಿ ಬರೆಯಬೇಕು ಎಂಬುದೂ ಉಳಿಯುತ್ತದೆ. ಗೇರುಸೊಪ್ಪೆಯ ವಿದ್ಯುದಾಗಾರದಿಂದ ವರ್ಷವಿಡೀ ಹರಿದುಬರುವ ಸಿಹಿನೀರಿನಿಂದ ಶರಾವತಿ ಅಳಿವೆಯ ಉಪ್ಪು ತಗ್ಗಿ, ಉಪ್ಪನ್ನು ನೆಚ್ಚಿದ ಚಿಪ್ಪುಜೀವಿಗಳೂ ಮೀನುಗಳೂ ಕಡಿಮೆಯಾದವು. ಅಣೆಕಟ್ಟಿಲ್ಲದ ಅಘನಾಶಿನಿ ಮಾತ್ರ ಉಳಿದುಕೊಂಡು 2024ರಲ್ಲಿ ರಾಮ್ಸರ್ ಒಪ್ಪಂದದ ಜೌಗುತಾಣವಾಯಿತು. ಹೊನ್ನಾವರದ ಗಾಳಗಳೆಲ್ಲ ಸೇರಿದರೂ ವಿದ್ಯುದಾಗಾರದ ಒಂದು ಸ್ವಿಚ್ಚಿನಷ್ಟು ಕೊಲ್ಲಲಾರವು.

ಯಶಸ್ತಿಲಕದಲ್ಲೇ ಮೃಗಸೇನ ಎಂಬ ಬೆಸ್ತನ ಕಥೆಯೂ ಇದೆ, ಸೂತ್ರಕ್ಕಿಂತ ಅದು ಉದಾರ. ಕಸುಬು ಬಿಡಲಾಗದ ಅವನಿಗೆ ಮುನಿ ಕೊಟ್ಟದ್ದು ಸಣ್ಣ ವ್ರತ: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲಬೇಡ. ಮೊದಲ ಮೀನಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ, ಮತ್ತೆ ಮತ್ತೆ ಅದೇ ಮೀನು ಬಿತ್ತು, ಐದು ಸಲವೂ ಬಿಟ್ಟ. ಬರಿಗೈಯಲ್ಲಿ ಬಂದವನಿಗೆ ಹೆಂಡತಿ ಬಾಗಿಲು ಹಾಕಿದಳು, ಹೊರಗೆ ಮಲಗಿದವನನ್ನು ಹಾವು ಕಚ್ಚಿತು. ಮುಂದಿನ ಜನ್ಮದಲ್ಲಿ ಐದು ಸಲ ಸಾವು ಅವನನ್ನು ಬಿಟ್ಟು ಹೋಯಿತು. ಇಂದಿನ ಮೋಜಿನ ಗಾಳದವರು ಹಿಡಿದು ಫೋಟೋ ತೆಗೆದು ಬಿಡುವುದನ್ನು ಈ ಕಥೆಗೆ ಹೋಲಿಸುವುದುಂಟು. ಹೋಲಿಕೆ ಸರಿಯಲ್ಲ. ಮೃಗಸೇನ ಹಸಿವಿಗೆ ಹೋಗಿ ನಷ್ಟ ಹೊತ್ತು ಬಿಟ್ಟ. ಮೋಜಿನವನು ಬಿಡುವುದಕ್ಕೆಂದೇ ಚುಚ್ಚುತ್ತಾನೆ, ಅವನಿಗೆ ನಷ್ಟವೂ ಇಲ್ಲ. ಬಾಯಲ್ಲಿ ಉಳಿದ ಕೊಕ್ಕೆ ತಾನೇ ಕರಗುತ್ತದೆ ಎಂಬ ಅವನ ನಂಬಿಕೆಯೂ ಸ್ಟೇನ್‌ಲೆಸ್ ಸ್ಟೀಲಿಗೆ ಅನ್ವಯಿಸದು. ಸ್ವಿಟ್ಜರ್ಲೆಂಡಿನ ಕಾನೂನು ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿರುವುದು ಇದೇ ತರ್ಕದಿಂದ. ತಿನ್ನಲು ಹಿಡಿದದ್ದಕ್ಕೆ ಒಂದು ಕಾರಣವಾದರೂ ಇದೆ.

ಬಾಲದ ಕಡೆಯಿಂದ ತಲೆಯತ್ತ ಹುರುಪೆ ಕೆರೆದು, ಕಿವಿರು ಕಿತ್ತು, ಹೊಟ್ಟೆ ಸೀಳಿದಾಗ ದೊಡ್ಡ ಕುರುಡಿಯಲ್ಲಿ ಒಮ್ಮೊಮ್ಮೆ ತತ್ತಿಯ ಜೋಡಿ ಚೀಲ ಸಿಗುತ್ತದೆ, ತೆಳು ಪೊರೆಯೊಳಗೆ ಹಳದಿ ರವೆಯಂಥ ಕಾಳು. ಇಂಥ ಮೀನು ಬಂದರೆ ಅದೃಷ್ಟ ಎನ್ನುವವರೇ ಹೆಚ್ಚು. ರುಚಿಯ ಲೆಕ್ಕದಲ್ಲೂ ಇದು ಪೂರ್ತಿ ನಿಜವಲ್ಲ. ಎರಡು ಮೂರು ಕಿಲೋದ ಕುರುಡಿಯ ಮಾಂಸವೇ ಕಾಯಿ, ಒಣಮೆಣಸು, ಮುರುಗಲು ಸಿಪ್ಪೆಯ ಸಾರಿಗೆ ಹದ, ಮುದಿಮೀನಿನದು ಒರಟು. ವ್ರತಗಳು ಇಲ್ಲಿ ಏನೂ ಹೇಳುವುದಿಲ್ಲ. ಅವು ಯಾವ ದಿನ, ಯಾರು ಕೊಂದದ್ದು, ಯಾವ ಜಾತಿಯ ಮೀನು ಎಂದು ಕೇಳುತ್ತವೆ. ಮೀನು ಗಂಡೋ ಹೆಣ್ಣೋ, ಮೊಟ್ಟೆಯಿಟ್ಟಾಗಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಸರ್ಕಾರದ 61 ದಿನಗಳ ನಿಷೇಧ ಆ ಪ್ರಶ್ನೆ ಕೇಳುತ್ತದೆ, ಆದರೆ ಅದು ಕಡಲಿನ ಯಂತ್ರದೋಣಿಗಳಿಗೆ. ಅಳಿವೆಯ ಸೇತುವೆ ಮೇಲೆ ಗಾಳ ಹಿಡಿದು ನಿಂತವನಿಗೆ ಆ ಎರಡು ತಿಂಗಳು ದೊಡ್ಡ ಕುರುಡಿ ಕಚ್ಚಿದರೆ ಮೃಗಸೇನನ ವ್ರತವೇ ಸಾಕು: ಕೊಕ್ಕೆ ಬಿಡಿಸಿ ನೀರಿಗೆ ಬಿಡುವುದು, ಊಟಕ್ಕೆ ಸಣ್ಣದಕ್ಕೆ ಕಾಯುವುದು. ವರ್ಷದ ಸೋಮವಾರಗಳನ್ನೆಲ್ಲ ಕೂಡಿಸಿದರೂ ಕುರುಡಿಗೆ ಇದರಷ್ಟು ಪ್ರಯೋಜನವಿಲ್ಲ.