ಕೀಲಿಕೈ ಯಾರ ಸೊಂಟದಲ್ಲಿ?

ಮಗುವಿನ ಮೊದಲ ಹೆಜ್ಜೆಯ ಫೋಟೋ, ತೀರಿಕೊಂಡ ಅವ್ವನ ದನಿ, ಸಂಘದ ಲೆಕ್ಕಪತ್ರ, ಶಾಲೆಯ ಮಕ್ಕಳು ಬರೆದ ಕಥೆ, ಗೆಳೆಯರಿಗೆ ಬರೆದ ಕಾಗದ - ಇವ್ಯಾವೂ ಇವತ್ತು ನಮ್ಮ ಮನೆಯಲ್ಲಿಲ್ಲ. ಎಲ್ಲಿವೆ ಅಂತ ಕೇಳಿದರೆ ‘ಕ್ಲೌಡ್‌ನಲ್ಲಿವೆ’ ಅಂತೀವಿ. ಕ್ಲೌಡ್ ಅಂದರೆ ಮೋಡ. ಮೋಡ ಅಂದ ಕೂಡಲೆ ಅದು ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರ ಹೊಲದ ಮೇಲೂ ಹಾದುಹೋಗುವಂಥದು ಅನ್ನಿಸುತ್ತದೆ. ಮೋಸ ಇರುವುದು ಈ ಹೆಸರಿನಲ್ಲೇ. ಈ ಮೋಡಕ್ಕೆ ಗೋಡೆ ಇದೆ, ಗೇಟಿದೆ, ಕಾವಲಿದೆ, ಲಾಭ ನಷ್ಟದ ಲೆಕ್ಕ ಇದೆ. ಅದಕ್ಕೊಬ್ಬ ಒಡೆಯ ಇದ್ದಾನೆ. ಅವನ ಸೊಂಟದಲ್ಲಿ ನಮ್ಮ ಮನೆಯ ಕೀಲಿಕೈ ಇದೆ.

ಈ ಕೀಲಿಕೈ ನಮಗೇ ಬೇಕು ಅಂತ ಹೊರಟವರು ಕೆಲವರಿದ್ದಾರೆ. ನಾವೂ ಅವರಲ್ಲಿ ಸೇರಿದವರು. ಮನೆಯ ಮೂಲೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪನ್ನೋ, 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರನ್ನೋ ಇಟ್ಟು, ಅದಕ್ಕೆ ಲಿನಕ್ಸ್ ಹಾಕಿ, ಫೈಲುಗಳಿಗೆ ನೆಕ್ಸ್ಟ್‌ಕ್ಲೌಡ್, ಫೋಟೋಗಳಿಗೆ ಇಮ್ಮಿಚ್, ಹಾಡು ಸಿನಿಮಾಗಳಿಗೆ ಜೆಲ್ಲಿಫಿನ್ ಎಂಬ ಪುಕ್ಕಟೆ ತಂತ್ರಾಂಶಗಳನ್ನು ನಡೆಸುವುದು. ಐದು ವ್ಯಾಟ್ ಉಣ್ಣುವ ಯಂತ್ರ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಕರೆಂಟು ದಾಟುವುದಿಲ್ಲ. ಇದಕ್ಕೆ ಸೆಲ್ಫ್ ಹೋಸ್ಟಿಂಗ್ ಅಂತ ಹೆಸರು. ನೋಡುವವರಿಗೆ ಇದೊಂದು ಹವ್ಯಾಸದ ಹುಚ್ಚು. ಇರಲಿ. ಆದರೆ ಹವ್ಯಾಸಕ್ಕೂ ಒಂದು ನೀತಿ ಇರುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಇದು: ಒಡೆಯನಿಂದ ಕೀಲಿಕೈ ಕಿತ್ತುಕೊಂಡು ನಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದು ಬಿಡುಗಡೆಯೋ, ಇಲ್ಲಾ ಇನ್ನೊಬ್ಬ ಸಣ್ಣ ಒಡೆಯನ ಹುಟ್ಟೋ?

ಮೊದಲು, ಕಿತ್ತುಕೊಳ್ಳಬೇಕಾಗಿ ಬಂದದ್ದು ಯಾಕೆ ಅನ್ನೋದನ್ನ ನೋಡೋಣ. ಲಕ್ಷಾಂತರ ಜನ ದಿನಾ ಓದುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಬಾಗಿಲು ಹಾಕಿತು. ಯಾಹೂ ಗ್ರೂಪ್ಸ್ ಎಂಬ ಊರಿಗೆ ಊರೇ 2020ರ ಡಿಸೆಂಬರ್‌ನಲ್ಲಿ ಮುಚ್ಚಿಹೋಯಿತು. ಗೂಗಲ್ ಫೋಟೋಸ್ ‘ಎಷ್ಟು ಬೇಕಾದರೂ ತಂದಿಡಿ, ದುಡ್ಡಿಲ್ಲ’ ಅಂತ ಕರೆದು, ಜನ ತಮ್ಮ ಬಾಳಿನ ಚಿತ್ರಗಳನ್ನೆಲ್ಲ ಸುರಿದ ಮೇಲೆ 2021ರ ಜೂನ್ 1ರಿಂದ ಹೊಸದಾಗಿ ತಂದಿಟ್ಟದ್ದಕ್ಕೆ ಅಳತೆ ಶುರುಮಾಡಿತು: 15 ಜಿಬಿ ದಾಟಿದರೆ ಬಾಡಿಗೆ. ಮೊದಲು ಪುಕ್ಕಟೆ ಊಟ, ಆಮೇಲೆ ಸಾಲದ ಪುಸ್ತಕ. ಈ ವ್ಯಾಪಾರ ಹಳ್ಳಿಯ ಜನಕ್ಕೆ ಹೊಸದಲ್ಲ.

ಅಮೆರಿಕದ ಒಬ್ಬ ತಂದೆ ತನ್ನ ಮಗುವಿನ ಕಾಯಿಲೆಯನ್ನು ಡಾಕ್ಟರಿಗೆ ತೋರಿಸಲು ಫೋಟೋ ತೆಗೆದ. ಗೂಗಲ್‌ನ ಯಂತ್ರ ಅದನ್ನು ಅಪರಾಧ ಅಂತ ಓದಿತು. ಅವನ ಕಾಗದಪತ್ರ, ಫೋಟೋ, ಫೋನ್ ನಂಬರು ಎಲ್ಲ ಹೋಯಿತು. ಅಪರಾಧವೇನೂ ಇಲ್ಲವೆಂದು ಪೊಲೀಸರು ಹೇಳಿದ ಮೇಲೂ ಕಂಪನಿ ಖಾತೆ ಮರಳಿಸಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ 2022ರ ಆಗಸ್ಟ್‌ನಲ್ಲಿ ವರದಿ ಮಾಡಿತು. ನಮ್ಮ ದೇಶದ್ದೇ ಒಂದು ಸಂಗತಿ: ಗುಜರಾತಿನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯಾದ ಕಂಪನಿಯ ಪಾಲಿದೆ. ಯುರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿದ್ದೇ ತಡ, 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿಬಿಟ್ಟಿತು. ನಯಾರಾ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಆಮೇಲೆ ಸೇವೆ ಮರಳಿ ಬಂತು. ತೈಲ ಕಂಪನಿಗೆ ವಕೀಲರಿದ್ದಾರೆ. ಹಳ್ಳಿಯ ಮೇಷ್ಟ್ರಿಗೆ ಯಾರಿದ್ದಾರೆ?

ಇಲ್ಲಿ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಪ್ರಶ್ನೆಯೇ ಅಲ್ಲ. ಒಳ್ಳೆಯ ಧಣಿಯೂ ಇರಬಹುದು. ಹಬ್ಬಕ್ಕೆ ಬಟ್ಟೆ ಕೊಡುವ ಧಣಿ, ಕಾಯಿಲೆ ಬಿದ್ದರೆ ವಿಚಾರಿಸುವ ಧಣಿ. ಆದರೆ ಅವನು ಕೊಡುವುದು ಅವನ ಮನಸ್ಸಿನಿಂದ, ನಮ್ಮ ಹಕ್ಕಿನಿಂದಲ್ಲ. ನಾಳೆ ಬೆಳಿಗ್ಗೆ ಅವನ ಮನಸ್ಸು ತಿರುಗಿದರೆ ‘ಯಾಕೆ’ ಅಂತ ಕೇಳುವುದಕ್ಕೂ ನಮಗೆ ಜಾಗ ಇರುವುದಿಲ್ಲ. ಕೇಳಿದ ಪ್ರಶ್ನೆಗೆ ಮನುಷ್ಯ ಉತ್ತರ ಕೊಡದೆ, ಮೊದಲೇ ಬರೆದಿಟ್ಟ ನಾಲ್ಕು ಸಾಲನ್ನು ಯಂತ್ರ ಕಳಿಸುವ ಕಡೆ ಮರ್ಯಾದೆ ಅನ್ನೋದು ಇರಲಾರದು. ಮನೆಯ ಯಂತ್ರದ ನಿಜವಾದ ಬೆಲೆ ಇದು: ಅದು ಕೆಟ್ಟು ನಿಂತರೆ ಯಾರನ್ನು ಕೇಳಬೇಕು ಅನ್ನೋದು ನಮಗೆ ಗೊತ್ತಿರುತ್ತದೆ.

ಹಾಗಾದರೆ ಎಲ್ಲರೂ ಮನೆಮನೆಯಲ್ಲೂ ಒಂದೊಂದು ಯಂತ್ರ ಇಟ್ಟುಕೊಂಡರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಯಾಕಂದ್ರೆ ನಮ್ಮ ಮನೆಗೆ ಬಾಗಿಲೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟರ್ನೆಟ್ ಹುಟ್ಟಿದಾಗ ಅದರೊಳಗಿನ ಯಂತ್ರಗಳಲ್ಲಿ ಕೊಡುವ ಯಂತ್ರ ಬೇರೆ, ಬೇಡುವ ಯಂತ್ರ ಬೇರೆ ಅನ್ನುವ ಜಾತಿಯಿರಲಿಲ್ಲ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಜಗತ್ತಿನ ಮೊದಲ ವೆಬ್ ಸರ್ವರ್ ಅವರ ಕೆಲಸದ ಕಂಪ್ಯೂಟರೇ ಆಗಿತ್ತು. ಯಾರೂ ಆರಿಸದಿರಲಿ ಅಂತ ಅದಕ್ಕೊಂದು ಕೈಬರಹದ ಚೀಟಿ ಅಂಟಿಸಿದ್ದರು. ಆದರೆ ಹೊರಗಿನವರು ನಮ್ಮ ಯಂತ್ರವನ್ನು ಹುಡುಕಿಕೊಂಡು ಬರಬೇಕಾದರೆ ಅದಕ್ಕೆ ಮನೆ ನಂಬರಿನಂಥ ಒಂದು ವಿಳಾಸ ಬೇಕು. ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವನ್ನು ಹಂಚಿದ್ದು ಹೇಗೆ? ಮೊದಲು ಬಂದವರು ಮೂಟೆಗಟ್ಟಲೆ ಹೊತ್ತರು. ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಯ ಹೆಸರಿನಲ್ಲಿ 1.67 ಕೋಟಿ ವಿಳಾಸಗಳಿದ್ದವು. ಬಳಸದೆ ಉಳಿದ ದೊಡ್ಡ ಪಾಲನ್ನು 2017ರಲ್ಲಿ ಅದು ಮಾರಾಟಕ್ಕಿಟ್ಟಿತು. ಜಗತ್ತಿನ ಮುಖ್ಯ ಕಣಜ 2011ರ ಫೆಬ್ರವರಿಯಲ್ಲೇ ಬರಿದಾಗಿತ್ತು. ತಡವಾಗಿ ಬಂದ ನಮ್ಮಂಥ ದೇಶಗಳ ಪಾಲಿಗೆ ಉಳಿದದ್ದು ಒಂದು ವಠಾರ. ಹತ್ತಾರು ನೂರಾರು ಮನೆಗಳಿಗೆ ಬೀದಿಯ ಕಡೆ ಒಂದೇ ನಂಬರು. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಹೆಸರು ಹಿಡಿದು ಒಳಗೆ ಬರುವಂತಿಲ್ಲ. ಕಂಪನಿಗಳ ಅಂಗಡಿಗೆ ಹೋಗಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ; ನಾವು ನಮ್ಮ ಜಗಲಿಯ ಮೇಲೆ ಏನಾದರೂ ಇಟ್ಟು ಜನರನ್ನು ಕರೆಯುವುದಕ್ಕೆ ಮಾತ್ರ ದಾರಿಯಿಲ್ಲ.

ಎಲ್ಲರಿಗೂ ಸಾಲುವಷ್ಟು ವಿಳಾಸಗಳಿರುವ ಐಪಿವಿ6 ಎಂಬ ಹೊಸ ಪದ್ಧತಿ ಬಂದಿದೆ. ಅದು ನಮ್ಮ ಫೋನುಗಳವರೆಗೂ ತಲುಪಿದೆ. ಆದರೂ ಹೊರಗಿನಿಂದ ಬರುವವರನ್ನು ನಡುದಾರಿಯಲ್ಲೇ ತಡೆಯುವ ಜಾಲಗಳು ಇನ್ನೂ ಇವೆ. ಆಗ ಹವ್ಯಾಸಿಗಳು ಏನು ಮಾಡ್ತಾರೆ? ಸುರಂಗ ಕೊರೆಯುತ್ತಾರೆ. ಆ ಸುರಂಗದ ಇನ್ನೊಂದು ತುದಿ ತೆರೆಯುವುದು ಮತ್ತೊಂದು ಕಂಪನಿಯ ಅಂಗಳದಲ್ಲಿ. ಇಮೇಲಿನ ಕಥೆ ಇನ್ನೂ ಕಷ್ಟ. ಮನೆಯಲ್ಲೇ ಅಂಚೆಮನೆ ಇಟ್ಟುಕೊಂಡು ಕಾಗದ ಕಳಿಸಿದರೆ, ಮನೆಗಳ ವಿಳಾಸದಿಂದ ಬಂದದ್ದು ಅನ್ನುವ ಒಂದೇ ಕಾರಣಕ್ಕೆ ದೊಡ್ಡ ಅಂಚೆಮನೆಗಳು ಅದನ್ನು ಕಸದ ಬುಟ್ಟಿಗೆ ಹಾಕುವುದುಂಟು. ಅಂದರೆ, ನಮ್ಮ ಮನೆಯ ಸ್ವಾತಂತ್ರ್ಯ ನಮ್ಮ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಬೀದಿ ಯಾರದು ಅನ್ನುವ ಪ್ರಶ್ನೆ ಕೇಳದೆ ಮನೆ ನನ್ನದು ಅಂತ ಎದೆ ತಟ್ಟಿಕೊಂಡರೆ ಅದು ಬರೀ ಜಂಬ.

ಈ ಜಂಬ ನಮ್ಮ ಹವ್ಯಾಸಿ ಬಳಗದಲ್ಲಿ ಕಡಿಮೆಯೇನಿಲ್ಲ. ‘ಕಂಪನಿ ಮೋಸ ಮಾಡಿತಾ? ನೀವೇ ಸರ್ವರ್ ಇಟ್ಕೋಬೇಕಿತ್ತು’ ಅನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆ! ದಡ ಸೇರಿದವನು ಮುಳುಗುವವನಿಗೆ ‘ಈಜು ಕಲೀಬೇಕಿತ್ತು’ ಅಂದ ಹಾಗೆ. ಈಜು ಕಲಿಯುವುದಕ್ಕೆ ಬಾವಿ ಬೇಕು, ಬಿಡುವು ಬೇಕು, ಕಲಿಸುವವರು ಬೇಕು. ಈ ವಿದ್ಯೆಯ ಬರಹ ಬಹುಪಾಲು ಇಂಗ್ಲಿಷಿನಲ್ಲಿದೆ. ದಿನವಿಡೀ ದುಡಿದು ಬಂದವರಿಗೆ ರಾತ್ರಿ ಹನ್ನೊಂದಕ್ಕೆ ಹಾರ್ಡ್ ಡಿಸ್ಕ್ ಯಾಕೆ ಸದ್ದು ಮಾಡುತ್ತಿದೆ ಅಂತ ಹುಡುಕುವ ಚೈತನ್ಯ ಎಲ್ಲಿಂದ ಬರಬೇಕು? ಬಿಡುವಿರುವವರಿಗೆ ಮಾತ್ರ ದಕ್ಕುವ ಸ್ವಾತಂತ್ರ್ಯವನ್ನು ಸ್ವಾತಂತ್ರ್ಯ ಅನ್ನಬಾರದು. ಅದಕ್ಕೆ ಸವಲತ್ತು ಅನ್ನಬೇಕು.

ಇನ್ನೊಂದು ಮಾತು. ‘ಸ್ವಂತ’ ಅನ್ನುವ ಪದವನ್ನೇ ಹಿಡಿದು ಕೇಳೋಣ. ಮನೆಯ ಆ ಪುಟ್ಟ ಯಂತ್ರದೊಳಗೆ ನಮ್ಮದು ಅನ್ನುವುದು ಎಷ್ಟಿದೆ? 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದ್ದು, 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಹೊರತಂದದ್ದು ಎಲ್ಲರಿಗೂ ಗೊತ್ತು. ಹೆಸರಿಲ್ಲದ ಸಾವಿರಾರು ಜನ ಅದರ ಅಡಿಪಾಯ ಹೊತ್ತು ನಿಂತಿದ್ದಾರೆ. ಎಕ್ಸ್‌ಜಡ್ ಅಂತ ಒಂದು ಸಣ್ಣ ತಂತ್ರಾಂಶ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಅದಿದೆ. ವರ್ಷಗಟ್ಟಲೆ ಅದನ್ನು ನೋಡಿಕೊಂಡದ್ದು ಹೆಚ್ಚುಕಡಿಮೆ ಒಬ್ಬರೇ, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದಾಗ ನೆರವಿನ ಸೋಗಿನಲ್ಲಿ ಒಬ್ಬ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ. ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರು, ಲಾಗಿನ್ ಆಗಲು ಅರ್ಧ ಸೆಕೆಂಡು ಯಾಕೆ ತಡವಾಗುತ್ತಿದೆ ಅಂತ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ದೊಡ್ಡ ಕಂಪನಿಗಳ ಅರಮನೆಯೂ ನಮ್ಮ ಗುಡಿಸಲೂ ಇಂಥವರ ಬೆವರಿನ ಮೇಲೇ ನಿಂತಿವೆ. ಆ ಬೆವರಿಗೆ ಕೂಲಿ ಕೊಡದ ತಪ್ಪು ಕಂಪನಿಗಳದ್ದು ದೊಡ್ಡದು, ನಿಜ. ಪುಕ್ಕಟೆಯಾಗಿ ಇಳಿಸಿಕೊಂಡು ‘ಇದು ನನ್ನ ಸ್ವಂತದ್ದು’ ಅನ್ನುವವರದ್ದೂ ತಪ್ಪೇ. ಸ್ವಾವಲಂಬನೆ ಅನ್ನೋ ಮಾತಿನಲ್ಲಿ ಅರ್ಧ ಸುಳ್ಳಿದೆ. ನಾವು ಯಾರನ್ನೂ ನೆಚ್ಚಿಲ್ಲ ಅನ್ನುವುದು ಸಾಧ್ಯವಿಲ್ಲ. ಯಾರನ್ನು ನೆಚ್ಚಿದ್ದೇವೆ ಅನ್ನುವುದನ್ನು ತಿಳಿದು, ಅವರ ಋಣ ಒಪ್ಪಿಕೊಳ್ಳುವುದು ಸಾಧ್ಯ.

ಈಗ ಮನೆಯೊಳಕ್ಕೆ ಬರೋಣ. ಯಂತ್ರ ನಡೆಸುವವರಿಗೆ ಎಲ್ಲರ ಫೋಟೋ ಕಾಣುತ್ತದೆ, ಎಲ್ಲರ ಕಾಗದ ತೆರೆಯುತ್ತದೆ, ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅನ್ನೋದು ತಿಳಿಯುತ್ತದೆ. ಹೆಂಡತಿಯನ್ನು ಕೇಳಿದ್ದಾರಾ? ಹರೆಯದ ಮಗಳನ್ನು ಕೇಳಿದ್ದಾರಾ? ದೂರದೇಶದ ಕಂಪನಿಗೆ ನಮ್ಮ ಮುಖ ಗೊತ್ತಿಲ್ಲ. ಮನೆಯ ಯಜಮಾನನಿಗೆ ಗೊತ್ತು. ದೂರದ ಧಣಿಯ ಕಣ್ಣಿಗಿಂತ ಹತ್ತಿರದ ಧಣಿಯ ಕಣ್ಣು ಹೆಚ್ಚು ಚುಚ್ಚುತ್ತದೆ. ಕಂಪನಿಯ ಬೇಹುಗಾರಿಕೆ ತಪ್ಪಿಸಿದೆ ಅಂತ ಹೇಳಿಕೊಂಡು, ಅದೇ ಬೇಹುಗಾರಿಕೆಯನ್ನು ಹಜಾರಕ್ಕೆ ತಂದು ಕೂರಿಸಿದರೆ ಯಾರಿಗೆ ಬಿಡುಗಡೆ ಆಯಿತು?

ಆತ ಒಳ್ಳೆಯವನೇ ಅಂದುಕೊಳ್ಳೋಣ. ಒಂದು ದಿನ ಸಾಯುತ್ತಾನಲ್ಲ! ಮಣ್ಣು ಮಾಡಿ ಬಂದ ತಿಂಗಳಿಗೆ ಕರೆಂಟು ಹೋಗಿ ಬಂದು ಯಂತ್ರ ನಿಲ್ಲುತ್ತದೆ. ಪಾಸ್‌ವರ್ಡು ಅವನ ತಲೆಯೊಳಗಿತ್ತು, ತಲೆ ಮಣ್ಣೊಳಗಿದೆ. ಇಪ್ಪತ್ತು ವರ್ಷದ ಫೋಟೋ ಆ ಡಬ್ಬಿಯಲ್ಲಿದ್ದೂ ಇಲ್ಲದ ಹಾಗೆ. ಕಂಪನಿ ಮಾಡಬಹುದಾದ ಅನ್ಯಾಯವನ್ನೇ ಪ್ರೀತಿಯ ಹೆಸರಿನಲ್ಲಿ ಮಾಡಿದ ಹಾಗಾಯಿತು.

ಆದ್ದರಿಂದ ನಾವು ಹೇಳುವುದು ಇಷ್ಟು. ಮನೆಯ ಯಂತ್ರವನ್ನು ನೀತಿಯುಳ್ಳದ್ದಾಗಿ ಮಾಡುವುದು ಒಡೆತನವಲ್ಲ, ಕೀಲಿಕೈಯ ಎರಡನೆಯ ಪ್ರತಿ. ಈ ಹವ್ಯಾಸದಲ್ಲೇ ಒಂದು ಹಳೆಯ ನಿಯಮ ಇದೆ: ಬೇಕಾದದ್ದರ ಮೂರು ಪ್ರತಿ ಇರಲಿ, ಎರಡು ಬಗೆಯ ವಸ್ತುವಿನ ಮೇಲಿರಲಿ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ ಇರಲಿ. ಇದನ್ನು ಬರೀ ತಾಂತ್ರಿಕ ನಿಯಮ ಅಂತ ಓದಬೇಡಿ. ಆ ಮೂರನೆಯ ಪ್ರತಿ ಇಡುವುದಕ್ಕೆ ಇನ್ನೊಬ್ಬರ ಮನೆ ಬೇಕು. ನಮ್ಮದನ್ನು ಬೀಗ ಹಾಕಿ ಅವರ ಮನೆಯಲ್ಲಿಡಬೇಕು, ಅವರದ್ದನ್ನು ನಾವು ಬಿಚ್ಚದೆ ಕಾಯಬೇಕು. ಬೀಜದ ಕಾಳನ್ನು ಎರಡು ಮನೆಯಲ್ಲಿ ಹಂಚಿಡುವ ರೈತರಿಗೆ ಈ ವಿವೇಕ ಹೊಸದಲ್ಲ. ‘ಸ್ವಂತ’ದಿಂದ ಶುರುವಾದ ದಾರಿ ಪಕ್ಕದ ಮನೆಯ ಬಾಗಿಲಿಗೆ ಬಂದು ನಿಲ್ಲುವುದು ಹೀಗೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಸಂಘ ಕಂಪನಿಗಳ ಸೇವೆಗಳಿಗೆ ಬದಲಾಗಿ ತಾನೇ ಸೇವೆಗಳನ್ನು ನಡೆಸಿತು. ಜನ ಮುಗಿಬಿದ್ದರು. ಇನ್ನಷ್ಟು ಬೆಳೆಯಬಹುದಿತ್ತು. ಆದರೆ ಎಲ್ಲರೂ ತಮ್ಮೊಬ್ಬರ ಬಾಗಿಲಿಗೇ ಬಂದರೆ ತಾವೂ ಇನ್ನೊಬ್ಬ ಧಣಿಯಾಗುತ್ತೇವೆ ಅಂತ ತಿಳಿದು, 2016ರಲ್ಲಿ ಸಣ್ಣ ಸಣ್ಣ ಗುಂಪುಗಳ ಕೂಟವೊಂದನ್ನು ಕಟ್ಟಿದರು. ಆ ಕೂಟದ ಹೆಸರಿಗೆ ಫ್ರೆಂಚಿನಲ್ಲಿ ಬೆಕ್ಕಿನ ಮರಿಗಳು ಅಂತ ಅರ್ಥ. 2019ರಲ್ಲಿ ತಮ್ಮದೇ ಹಲವು ಸೇವೆಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಸಾರಿದರು. ಬೆಳೆಯುವ ಅವಕಾಶವಿದ್ದೂ ಬೇಡ ಅನ್ನುವುದು ಸಣ್ಣ ಮಾತಲ್ಲ. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಹಳ್ಳಿಯವರೇ ನಡೆಸುವ ವೈಫೈ ಜಾಲ ಕಟ್ಟುವ, ಅವರ ದನಿಗಳನ್ನು ಅಲ್ಲೇ ಉಳಿಸುವ ಕೆಲಸ ಮಾಡಿದ್ದಾರೆ. ಓದು ಬರಹ ಇಲ್ಲದವರ ಮಾತೂ ದಾಖಲೆ, ಅದು ಆಡಿದ ಊರಿನಲ್ಲೇ ಇರಲಿ ಅನ್ನುವ ನಿಲುವು ಅದು.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಊರಿಗೊಂದು ಯಂತ್ರ ಇಡಿ. ಮನೆಗೊಂದು ಬೇಡ. ಇಡುವ ಮೊದಲು ಮೂರು ಸಂಗತಿಗಳನ್ನು ಇತ್ಯರ್ಥ ಮಾಡಿಕೊಳ್ಳಿ. ಅದನ್ನು ನಡೆಸುವ ವಿದ್ಯೆ ಕನಿಷ್ಠ ಇಬ್ಬರಿಗೆ ಬರಬೇಕು, ಅವರಲ್ಲಿ ಒಬ್ಬಳು ಹೆಣ್ಣುಮಗಳಿದ್ದರೆ ಒಳ್ಳೆಯದು. ಅದನ್ನು ನಡೆಸುವ ಕ್ರಮ ಕನ್ನಡದಲ್ಲಿ, ಕಾಗದದ ಮೇಲೆ, ಎಲ್ಲರಿಗೂ ಸಿಗುವ ಜಾಗದಲ್ಲಿರಬೇಕು. ತಮ್ಮದನ್ನು ಹಿಂದಕ್ಕೆ ತಗೊಂಡು ಹೋಗ್ತೀವಿ ಅಂದವರಿಗೆ ಅದೇ ದಿನ, ಕಾರಣ ಕೇಳದೆ, ಪೂರ್ತಿಯಾಗಿ ಕೊಡಬೇಕು. ಈ ಮೂರೂ ಆಗದಿದ್ದರೆ ಯಂತ್ರ ಯಾರ ಮನೆಯಲ್ಲಿದ್ದರೂ ಒಂದೇ. ಬೀದಿಯ ಹೋರಾಟವನ್ನೂ ಬಿಡುವಂತಿಲ್ಲ. ಮನೆ ನಂಬರು, ತೆರೆದ ಬಾಗಿಲು, ನಮ್ಮದನ್ನು ಮರಳಿ ಪಡೆಯುವ ಹಕ್ಕು ಇವೆಲ್ಲ ಕಾನೂನಿನಿಂದಲೇ ಬರಬೇಕಾದವು. ಯಂತ್ರ ಕೊಂಡವರಿಗಷ್ಟೇ ಅಲ್ಲ, ಕೊಳ್ಳಲಾರದವರಿಗೂ ಅವು ಸಿಗಬೇಕು.

ಕೀಲಿಕೈ ಧಣಿಯ ಸೊಂಟದಿಂದ ನಮ್ಮ ಸೊಂಟಕ್ಕೆ ಬಂದರೆ ಅದು ಬರೀ ಜಾಗ ಬದಲಾದ ಹಾಗೆ. ಅದು ಬಾಗಿಲ ಪಕ್ಕದ ಗೂಟಕ್ಕೆ ಬಂದು, ಒಳಗಿರುವ ಎಲ್ಲರ ಕೈಗೂ ಎಟುಕಬೇಕು. ನಮ್ಮ ಕೈಗೆ ಸಿಕ್ಕಿದ್ದನ್ನು ಆ ಗೂಟಕ್ಕೆ ನೇತುಹಾಕುವ ಎದೆಗಾರಿಕೆ ನಮಗಿದೆಯಾ?